ಅರ್ಧದಾರಿಯಲ್ಲಿ ಇಳಿಯುತ್ತಿದ್ದ ಟೈಲರಮ್ಮ

ಬಸ್ಸು ಹತ್ತಿದರೆ ಹೊಟ್ಟೆ ತೊಳಸುವವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಈ ಬೀದಿಯಲ್ಲಿ ಆ ಒಬ್ಬರು ಟೈಲರಮ್ಮ.

ಆಕೆಯ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೊಳೆಗೆ ನೇತುಹಾಕಿದ ಟೇಪು, ಮೂಲೆಯಲ್ಲಿ ಚಿಂದಿ ಬಟ್ಟೆಯ ಗಂಟು. ಮದುವೆಯಾಗಲಿಲ್ಲ. ತಂದೆತಾಯಿ ತೀರಿಹೋಗಿ ಬಹಳ ಕಾಲವಾಯಿತು. ಎತ್ತಿ ಆಡಿಸಿ ಬೆಳೆಸಿದ ಅಕ್ಕ ಮದುವೆಯಾಗಿ ಗುಡ್ಡದ ಆಚೆಯ ಊರು ಸೇರಿದ್ದಳು. ನಡುವೆ ಹಾವಿನಂತೆ ಸುತ್ತುವ ಒಂದು ರಸ್ತೆ.

ಆ ರಸ್ತೆಯನ್ನು ಟೈಲರಮ್ಮ ಒಮ್ಮೆಯೂ ಪೂರ್ತಿ ದಾಟಿರಲಿಲ್ಲ. ಅಕ್ಕನ ಮಗನ ಮದುವೆಗೆಂದು ಹೊರಟಾಗಲೂ ತಿರುವು ಶುರುವಾಗುತ್ತಿದ್ದಂತೆ ಪಕ್ಕದವರ ಹೊಸ ಬಟ್ಟೆಯ ಮೇಲೆಯೇ ವಾಂತಿಯಾಯಿತು. ಎಲ್ಲರೂ ಮೂಗು ಮುಚ್ಚಿಕೊಂಡರು. "ಆಗದವರು ಯಾಕಮ್ಮ ಬಸ್ಸು ಹತ್ತೀರಿ? ಮನೇಲಿರೋಕೆ ಏನ್ ಕಷ್ಟ?" ಎಂದು ಯಾರೋ ಗೊಣಗಿದರು. ಅವಮಾನ ತಾಳಲಾರದೆ ನಡುದಾರಿಯಲ್ಲೇ ಇಳಿದುಬಿಟ್ಟಳು. ಉಡುಗೊರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ವಾಪಸು ಬರುವ ಬಸ್ಸಿಗಾಗಿ ಸಂಜೆಯವರೆಗೆ ಒಬ್ಬಳೇ ಕಾದಳು.

ಅಂದಿನಿಂದ ಬೀದಿಯವರ ಬಾಯಲ್ಲಿ ಆಕೆ 'ಅರ್ಧದಾರಿಯಕ್ಕ'. ಅವರು ನಗುತ್ತಾ ಕರೆಯುತ್ತಿದ್ದರು. ಆಕೆಯೂ ನಗುತ್ತಿದ್ದಳು. ಬಾಗಿಲು ಹಾಕಿಕೊಂಡ ಮೇಲೆ ಆ ನಗು ಉಳಿಯುತ್ತಿರಲಿಲ್ಲ.

ಅಕ್ಕತಂಗಿಯರ ಪಾಲಿಗೆ ಉಳಿದದ್ದು ಫೋನು ಒಂದೇ. ಸಂಜೆ ಯಂತ್ರಕ್ಕೆ ಹೊದಿಕೆ ಹಾಕಿ ಫೋನು ಮಾಡಿದರೆ ಅಕ್ಕ ಮೊದಲು ಕೇಳುತ್ತಿದ್ದುದೇ "ಉಂಡ್ಯೇನೇ?" ಎಂದು. ಹೇಳಲು ವಿಷಯ ಇಲ್ಲದಿದ್ದರೂ ಮಾತಿಗೆ ಬರವಿರಲಿಲ್ಲ.

ಒಂದು ದಿನ ಅಕ್ಕನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು.

ಅಕ್ಕನ ಮಗ ತಾಯಿಯ ಕಿವಿಗೆ ಫೋನು ಹಿಡಿಯುತ್ತಿದ್ದ. "ಅಕ್ಕಾ, ನಾನು ಕಣೇ" ಎಂದು ಟೈಲರಮ್ಮ ಈ ಕಡೆಯಿಂದ ಹೇಳುತ್ತಿದ್ದಳು. ಆ ಕಡೆಯಿಂದ ಬರುತ್ತಿದ್ದದ್ದು ಬರೀ ಉಸಿರು. ಇಷ್ಟು ವರ್ಷ ಹತ್ತಿರ ತಂದಿದ್ದ ಫೋನು ಈಗ ಎಷ್ಟು ದೂರ ಎಂಬುದನ್ನು ಮಾತ್ರ ತೋರಿಸುತ್ತಿತ್ತು.

"ಚಿಕ್ಕಮ್ಮ, ಅಮ್ಮನಿಗೆ ಎಲ್ಲಾ ಗೊತ್ತಾಗುತ್ತೆ. ಬಾಗಿಲ ಕಡೆಗೇ ನೋಡ್ತಿರ್ತಾರೆ. ಒಂದ್ಸಲ ಬಂದು ಹೋಗಿ" ಎಂದ ಅವನು.

"ಬರ್ತೀನಿ ಕಣಪ್ಪ" ಎಂದಳು. ಹೊರಡಲು ಧೈರ್ಯ ಬರಲಿಲ್ಲ. ಇವತ್ತು, ನಾಳೆ ಎನ್ನುತ್ತಲೇ ದಿನ ಕಳೆದವು.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ಕೆಲಸದ ಬಟ್ಟೆ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿಸಲು ಬಂದರು. ಟೈಲರಮ್ಮ ಅಳತೆ ತೆಗೆದಳು, ಮರೆತಳು, ಮತ್ತೆ ತೆಗೆದಳು.

"ಮನಸ್ಸು ಎಲ್ಲಿದೆ ಅಕ್ಕ?"

"ಎಲ್ಲಿರುತ್ತೆ? ಗುಡ್ಡದ ಆಚೆ" ಎಂದು ಟೈಲರಮ್ಮ ಎಲ್ಲವನ್ನೂ ಹೇಳಿಕೊಂಡಳು.

"ಹಾಗಾದ್ರೆ ಹೋಗಿ ಬನ್ನಿ."

"ಹೋಗೋದು ಹೇಗೆ? ಬಸ್ಸಿನ ವಾಸನೆ ನೆನೆಸ್ಕೊಂಡ್ರೇ ಸಂಕಟ ಆಗುತ್ತೆ. ನನ್ನ ಹೊಟ್ಟೇನೇ ಸರಿ ಇಲ್ಲ. ಎಲ್ಲಾ ಹಣೇಬರಹ."

"ಹೊಟ್ಟೆ ಪಾಪ ಏನ್ಮಾಡ್ತು? ಕಿತಾಪತಿಯೆಲ್ಲಾ ಕಿವಿ, ಕಣ್ಣಿಂದು."

ಟೈಲರಮ್ಮನಿಗೆ ನಗು ಬಂತು. "ಕಿವಿಗೂ ವಾಂತಿಗೂ ಏನ್ ಸಂಬಂಧ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!"

"ಕೇಳಿ ಇಲ್ಲಿ. ನಾವು ವಾಲದೆ ನಿಲ್ಲೋಕೆ ಕಿವಿಯ ಒಳಗೊಂದು ಪುಟ್ಟ ಅಂಗ ಇದೆ. ಬಸ್ಸು ತಿರುಗಿದ್ರೆ, ಕುಲುಕಿದ್ರೆ ಅದಕ್ಕೆ ತಿಳಿಯುತ್ತೆ. ನಿಮ್ಮ ಕಣ್ಣು ಎದುರಿನ ಸೀಟನ್ನೇ ನೋಡ್ತಾ 'ಏನೂ ಅಲ್ಲಾಡ್ತಿಲ್ಲ' ಅನ್ನುತ್ತೆ. ಯಾರನ್ನ ನಂಬೋದು ಅಂತ ಮೆದುಳಿಗೆ ಗೊಂದಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ, ಇವೆರಡರ ಜಗಳದಲ್ಲಿ ಹೊಟ್ಟೆ ಬಡವಾಗುತ್ತೆ. ಅಂದ ಹಾಗೆ, ಆವತ್ತು ಹೇಗೆ ಹೋಗಿದ್ರಿ?"

"ವಾಂತಿ ಆಗಬಾರ್ದು ಅಂತ ಉಪವಾಸ ಇದ್ದೆ. ಯಾರಿಗೂ ತೊಂದ್ರೆ ಬೇಡ ಅಂತ ಕೊನೇ ಸೀಟಲ್ಲಿ ಕೂತೆ. ಮನಸ್ಸು ಬೇರೆ ಕಡೆ ಹೋಗ್ಲಿ ಅಂತ ತಲೆ ಬಗ್ಗಿಸಿ ಮೊಬೈಲ್ ನೋಡ್ತಿದ್ದೆ."

"ಅಯ್ಯೋ, ಮಾಡಬಾರದ್ದನ್ನೆಲ್ಲಾ ಹುಡುಕಿ ಹುಡುಕಿ ಮಾಡಿದ್ದೀರಲ್ಲ!" ನರ್ಸಮ್ಮ ಸ್ಟೂಲು ಎಳೆದುಕೊಂಡು ಕುಳಿತರು. "ಬರಿಹೊಟ್ಟೇಲಿ ಹೋಗ್ಬೇಡಿ, ಹೊಟ್ಟೆ ಬಿರಿಯೋ ಹಾಗೂ ತಿನ್ಬೇಡಿ. ಎಣ್ಣೆ, ಖಾರ ಇಲ್ಲದ್ದು ಸ್ವಲ್ಪ ತಿನ್ನಿ. ಮುಂದಿನ ಸೀಟು ಕೇಳಿ ತಗೊಳ್ಳಿ, ಹಿಂದೆ ಕೂತ್ರೆ ಎತ್ತಿಹಾಕೋದು ಜಾಸ್ತಿ. ತಲೆ ಸೀಟಿಗೆ ಒರಗಿಸಿ, ದೂರದ ರಸ್ತೆ, ದೂರದ ಗುಡ್ಡ ನೋಡ್ತಿರಿ. ಗಾಳಿ ಬರ್ಲಿ. ಆಗಾಗ ಒಂದೊಂದು ಗುಟುಕು ನೀರು ಕುಡೀರಿ. ಮೊಬೈಲ್ ಚೀಲದಲ್ಲೇ ಇರ್ಲಿ."

"ಮಾತ್ರೆ ಇದೆಯಂತಲ್ಲ?"

"ಇದೆ. ಆದ್ರೆ ಸಂಕಟ ಶುರುವಾದ ಮೇಲೆ ನುಂಗಿದ್ರೆ ಅದೂ ಆಚೆಗೇ ಬರುತ್ತೆ. ಬಸ್ಸು ಹತ್ತೋಕೆ ಮುಂಚೆ ತಗೋಬೇಕು. ಎಷ್ಟು ಮುಂಚೆ, ನಿಮಗೆ ಯಾವುದು ಒಗ್ಗುತ್ತೆ ಅಂತ ಡಾಕ್ಟ್ರು ಹೇಳ್ತಾರೆ. ಬೇರೆ ಮಾತ್ರೆ ತಗೊಳ್ತಿದ್ರೆ ಅದನ್ನೂ ಅವರಿಗೆ ಹೇಳಿ. ನಿದ್ದೆ ಬಂದ ಹಾಗಾಗುತ್ತೆ, ಹೆದರ್ಬೇಡಿ."

"ಇಷ್ಟೆಲ್ಲಾ ಮಾಡಿಯೂ ಆಗ್ಬಿಟ್ರೆ?"

"ಆಗ್ಲಿ ಬಿಡಿ. ಕವರ್ ಇಟ್ಕೊಳ್ಳಿ. ಬಾಯಿ ಮುಕ್ಕಳಿಸಿ ಮತ್ತೆ ಕೂತ್ಕೊಳ್ಳಿ. ವಾಂತಿ ಆದ್ರೆ ಬಸ್ಸಿಂದ ಇಳೀಬೇಕು ಅಂತ ಯಾರು ಹೇಳಿದ್ದು?"

ಟೈಲರಮ್ಮ ಟೇಪು ಕೆಳಗಿಟ್ಟಳು. ನಿಜಕ್ಕೂ ಯಾರೂ ಹೇಳಿರಲಿಲ್ಲ. ಕೂತಿರು ಎಂದು ಹೇಳುವವರೂ ಜೊತೆಗಿರಲಿಲ್ಲ.

ಆ ವಾರವೇ ಡಾಕ್ಟರನ್ನು ಕಂಡು ಬಂದಳು. ಹೊರಡುವ ಬೆಳಿಗ್ಗೆ ಎರಡು ತುಂಡು ಬ್ರೆಡ್ಡು ತಿಂದು, ಅವರು ಹೇಳಿದ ಹೊತ್ತಿಗೆ ಮಾತ್ರೆ ನುಂಗಿದಳು. ಬೀಗ ಹಾಕಿದಳು. "ಹೋಗಿ ಬರ್ತೀನಿ" ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಬಸ್ಸಿನಲ್ಲಿ ಬಾಯಿ ಬಿಟ್ಟು ಕೇಳುವುದೇ ಕಷ್ಟವಾಯಿತು. ಕೊನೆಗೂ ಕೇಳಿದಳು: "ನನಗೆ ಬಸ್ಸು ಒಗ್ಗಲ್ಲಪ್ಪ, ಮುಂದಿನ ಸೀಟು ಸಿಗುತ್ತಾ?"

ಕಂಡಕ್ಟರ್ ಬೇಸರ ಪಡಲಿಲ್ಲ. "ಮೊದ್ಲೇ ಹೇಳಿದ್ದು ಒಳ್ಳೇದಾಯ್ತಮ್ಮ" ಎಂದು ಕಿಟಕಿಯ ಪಕ್ಕ ಜಾಗ ಮಾಡಿಸಿದ. ಕೇಳಿದರೆ ಸಿಗುವುದನ್ನು ಕೇಳದೆ ಎಷ್ಟು ವರ್ಷ ಹಿಂದೆ ಕೂತಿದ್ದೆನಲ್ಲ ಎನ್ನಿಸಿತು.

ತಿರುವುಗಳು ಬಂದವು. ಟೈಲರಮ್ಮ ದೂರದ ಗುಡ್ಡದ ನೆತ್ತಿಯಿಂದ ಕಣ್ಣು ಕೀಳಲಿಲ್ಲ. ಮೈ ಬೆವೆತು, ಒಂದು ಸಲ ವಾಂತಿಯೂ ಆಯಿತು. ಆದರೆ ಕವರ್ ಕೈಯಲ್ಲೇ ಇತ್ತು, ಯಾರ ಬಟ್ಟೆಯೂ ಹಾಳಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟು, "ನಮ್ಮನೇಲಿ ನನ್ನ ತಮ್ಮನಿಗೂ ಹೀಗೇ" ಎಂದಳು. ಬಸ್ಸು ಮುಂದೆ ಹೋಯಿತು. ಟೈಲರಮ್ಮ ಇಳಿಯಲಿಲ್ಲ.

ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಬಾಗಿಲಲ್ಲಿ ನಿಂತ ತಂಗಿಯನ್ನು ಬಹಳ ಹೊತ್ತು ನೋಡಿದಳು. ಬಾಯಿ ತೆರೆಯಿತು, ದನಿ ಬರಲಿಲ್ಲ. ಟೈಲರಮ್ಮ ಹತ್ತಿರ ಹೋಗಿ ಕೂತಾಗ, ಅಕ್ಕ ಸ್ವಾಧೀನದಲ್ಲಿ ಉಳಿದಿದ್ದ ಒಂದೇ ಕೈಯನ್ನು ಮೆಲ್ಲಗೆ ಎತ್ತಿ, ಪ್ರಯಾಣದಲ್ಲಿ ಬಾಡಿದ ಅವಳ ಮುಖವನ್ನು ಹೊದಿಕೆಯ ಅಂಚಿನಿಂದ ಒರೆಸಿದಳು. ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೆಯೇ.

ಅಕ್ಕನ ಮಗ ಕೇಳಿದ: "ಹೇಗೆ ಬಂದ್ರಿ ಚಿಕ್ಕಮ್ಮ? ನನ್ನ ಮಗಳಿಗೂ ನಿಮ್ಮ ಹಾಗೇ ಆಗುತ್ತೆ. ನಾಟಕ ಆಡ್ತಾಳೆ ಅಂತ ಬೈದು ಈಗೀಗ ಅವಳನ್ನ ಮನೇಲೇ ಬಿಟ್ಟು ಹೋಗ್ತೀವಿ."

"ಬೈಬೇಡ ಕಣಪ್ಪ. ಬಿಟ್ಟೂ ಹೋಗ್ಬೇಡ" ಎಂದಳು ಟೈಲರಮ್ಮ. "ಮುಂದೆ ಕೂರಿಸು, ದೂರ ನೋಡೋಕೆ ಹೇಳು, ಡಾಕ್ಟ್ರಿಗೆ ತೋರಿಸು. ಮಕ್ಕಳಿಗೆ ದೊಡ್ಡೋರ ಮಾತ್ರೆ ಮುರಿದು ಕೊಡಬಾರ್ದಂತೆ."

"ಆಯ್ತು ಚಿಕ್ಕಮ್ಮ. ಮುಂದಿನ ಸಲ ಅವಳನ್ನೂ ಕರ್ಕೊಂಡು ನಿಮ್ಮನೆಗೇ ಬರ್ತೀವಿ."

ಈಗ ಟೈಲರಮ್ಮ ಬಿಡುವಾದಾಗಲೆಲ್ಲ ಗುಡ್ಡ ದಾಟುತ್ತಾಳೆ. ಅಕ್ಕನ ಪಕ್ಕ ಕೂತು ಇಬ್ಬರ ಮಾತನ್ನೂ ಒಬ್ಬಳೇ ಆಡುತ್ತಾಳೆ. "ಉಂಡ್ಯೇನೇ?" ಎಂದು ಕೇಳುವ ದನಿಯಿದ್ದ ಕಾಲದಲ್ಲಿ ಬರಲಾಗಲಿಲ್ಲವಲ್ಲ ಎಂಬ ನೋವಿಗೆ ಮಾತ್ರ ಯಾವ ಮಾತ್ರೆಯೂ ಇಲ್ಲ.

ಓದುವವರೇ, ಕೇಳುವವರೇ, ಪ್ರಯಾಣದ ವಾಂತಿ ನಾಚಿಕೆಪಡುವ ವಿಷಯವಲ್ಲ, ಹಣೆಬರಹವೂ ಅಲ್ಲ. ಹೊರಡುವ ಮೊದಲೇ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಗರ್ಭಿಣಿಯರು, ಬೇರೆ ಕಾಯಿಲೆ ಇರುವವರು ಕೇಳದೆ ಮಾತ್ರೆ ನುಂಗಬೇಡಿ. ನಿದ್ದೆ ಬರಿಸುವ ಮಾತ್ರೆ ತಿಂದು ಗಾಡಿ ಓಡಿಸಬೇಡಿ. ಬಸ್ಸು ಇಳಿದ ಮೇಲೂ ತಲೆಸುತ್ತು, ವಾಂತಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಬಸ್ಸಿನಲ್ಲಿ ಯಾರಿಗಾದರೂ ಸಂಕಟವಾದರೆ ಮೂಗು ಮುಚ್ಚಿಕೊಳ್ಳುವ ಮೊದಲು ಕಿಟಕಿಯ ಜಾಗ ಬಿಟ್ಟುಕೊಡಿ. ನಿಮ್ಮ ದಾರಿ ಕಾಯುವವರೊಬ್ಬರು ಎಲ್ಲೋ ಇದ್ದಾರೆ. ಅವರ ದನಿ ಇರುವಾಗಲೇ ಹೊರಡಿ.