ತಡವಾಗಿ ಬಿತ್ತುವ ದ್ಯಾಮಮ್ಮ

ದ್ಯಾಮಮ್ಮ ದೇವನೂರಿನ ಡಾಂಬರು ರಸ್ತೆಯ ಮೇಲೆ ನಡೆದುಬರುವಾಗಲೂ ಎರಡು ಹೆಜ್ಜೆಗೊಮ್ಮೆ ಎಡಗಾಲ ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತಾರೆ. ಐವತ್ತು ವರ್ಷ ಸಾಲಿಗೆ ಬೀಜ ಹಾಕಿ, ಹಿಮ್ಮಡಿಯಿಂದ ಮಣ್ಣು ಮುಚ್ಚುತ್ತ ಮುಂದೆ ಸಾಗಿದ ಅಭ್ಯಾಸ ಆ ಕಾಲಿಗೆ ಅಂಟಿಬಿಟ್ಟಿದೆ. ಹೊಲ ಯಾವುದು, ರಸ್ತೆ ಯಾವುದು ಎಂಬ ಭೇದವನ್ನು ಅದು ಎಂದೋ ಮರೆತಿದೆ. ಮೈಮೇಲೆ ಸದಾ ಒಂದು ಕಪ್ಪು ಉಣ್ಣೆಯ ಕೋಟು, ಬೀರೂರಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದು ತೀರಿಕೊಂಡ ಗಂಡನದು. ಬಿರುಬಿಸಿಲಿನಲ್ಲಿ ಸೆಕೆಯಾಗುವುದಿಲ್ಲವೇ ಎಂದು ಕೇಳಿದರೆ, "ಕೋಟು ನಂಗಲ್ಲ ಮೇಷ್ಟ್ರೇ, ಬೀಜಕ್ಕೆ" ಎಂದು ಜೇಬು ತಟ್ಟಿ ತೋರಿಸುತ್ತಾರೆ.

ಆ ಜೇಬಿನಲ್ಲಿರುವುದು ಗಿಡ್ಡ ಹುರುಳಿಕಾಯಿಯ ಬೀಜ. ಪೇಟೆಯವರು ಬೀನ್ಸ್ ಎನ್ನುವುದರ ಹಳೆಯ ತಳಿ. ಮೊಣಕಾಲೆತ್ತರ ಮೀರದ ಗಿಡ, ಚಪ್ಪರ ಬೇಡ, ಕೋಲು ಬೇಡ. ಬೂದು ಮೈಯ ಬೀಜಕ್ಕೆ ಕೆಂಪು ಚುಕ್ಕೆ. ಊರೆಲ್ಲ ಮುಂಗಾರಿಗೆ ಬಿತ್ತಿ ಕೈ ತೊಳೆದುಕೊಂಡ ಮೇಲೆ, ಸೆಪ್ಟೆಂಬರ್ ನಡುವೆ ಉತ್ತರೆ ಮಳೆ ಹುಟ್ಟುವವರೆಗೆ ಕಾದು, ಈಕೆ ಬಿತ್ತಲು ಹೊರಡುತ್ತಾರೆ. ಮುಂಗಾರಿನ ಹುಳುವಿನ ಕಾಟ ಅಷ್ಟರಲ್ಲಿ ಇಳಿದಿರುತ್ತದೆ, ಮಾಗಿಯ ಚಳಿ ಇನ್ನೂ ದೂರವಿರುತ್ತದೆ, ಕಾರ್ತಿಕದಲ್ಲಿ ಎಳೆಗಾಯಿ ಸಿಗುತ್ತದೆ ಎಂಬುದು ಅವರ ಲೆಕ್ಕ. ಯಾರಾದರೂ ನಕ್ಕರೆ ಒಂದೇ ಉತ್ತರ: "ತಡ ಆದ್ರೇನು, ತಪ್ಪಾಯ್ತಾ?" ಕಡೂರಿನ ಬಸ್ಸು ತಡವಾದರೂ, ನೆರೆಮನೆಯ ಹುಡುಗಿಯ ಮದುವೆ ತಡವಾದರೂ ಇದೇ ಮಾತು. ಮೇಷ್ಟರ ಕೆಲಸದಿಂದ ನಿವೃತ್ತನಾದ ನಾನು ಬೆಳಿಗ್ಗೆ ಒಂಬತ್ತಕ್ಕೆ ಏಳುವುದನ್ನು ಊರಿನಲ್ಲಿ ಸಮರ್ಥಿಸಿದವರೂ ಅವರೊಬ್ಬರೇ.

ಇನ್ನೊಂದು ಹಟವುಂಟು. ಬಿತ್ತನೆಗೆ ಬೇಕಾದಷ್ಟು ಬಿಟ್ಟು ಮಿಕ್ಕ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಸಂಕ್ರಾಂತಿಗೆ ಏಳು ಮನೆಗೆ ಒಂದೊಂದು ಹಿಡಿ ಹಂಚುತ್ತಾರೆ. ಪಡೆದವರು ಬಿತ್ತಿಕೊಳ್ಳಬೇಕು, ದ್ಯಾಮಮ್ಮನಿಗೆ ಕಷ್ಟ ಬಂದಾಗ ಎರಡು ಹಿಡಿ ಹಿಂತಿರುಗಿಸಬೇಕು. ಅವರ ಅತ್ತೆಯ ಕಾಲದಿಂದ ನಡೆದು ಬಂದ ಕಟ್ಟುಪಾಡು. ಏಳರಲ್ಲಿ ಒಂದು ಹಿಡಿ ಅಜ್ಜಂಪುರದ ತಂಗಿ ಹುಲಿಯಮ್ಮನಿಗೆ. ತವರಿನ ಒರಳುಕಲ್ಲು ಯಾರ ಪಾಲಿಗೆ ಎಂಬ ಜಗಳದಲ್ಲಿ ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಆದರೂ ಪ್ರತಿ ವರ್ಷ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬೀಜದ ಗಂಟು ಹೋಗುತ್ತಿತ್ತು. "ಮುನಿಸು ಅವಳ ಮ್ಯಾಲೆ. ಬೀಜ ಏನು ಮಾಡಿತ್ತು?" ಎನ್ನುತ್ತಿದ್ದರು.

ಹೋದ ವರ್ಷ ಉತ್ತರೆ ಮಳೆ ಎಡೆಬಿಡದೆ ಮೂರು ದಿನ ಹೊಯ್ದು, ಬಿತ್ತಿದ ಬೀಜವೆಲ್ಲ ಮಣ್ಣಿನಲ್ಲೇ ಕೊಳೆಯಿತು. ಕೋಟಿನ ಜೇಬು ಬರಿದು. ಅದರ ಬೆನ್ನಿಗೇ ಬರುವ ಹಸ್ತದ ಮಳೆ ಮುಗಿಯುವುದರೊಳಗೆ ಮತ್ತೆ ಬಿತ್ತದಿದ್ದರೆ ಚಳಿಗೆ ಹೂವು ಉದುರಿ ಕಾಯಿ ಕಟ್ಟದು, ಅಲ್ಲಿಗೆ ಆ ತಳಿಯೇ ಅಳಿದುಹೋದಂತೆ. ದ್ಯಾಮಮ್ಮ ಹಿಮ್ಮಡಿ ಒತ್ತುತ್ತ ಹಿಡಿ ಕೇಳಲು ಹೊರಟರು. ಒಂದು ಮನೆಯಲ್ಲಿ ಹುಳು ತಿಂದಿತ್ತು, ಇನ್ನೊಂದರಲ್ಲಿ ಡಬ್ಬವೇ ಕಳೆದಿತ್ತು, ಮೂರು ಮನೆಯವರು ಬಿತ್ತಿದ್ದೂ ಅದೇ ಮಳೆಗೆ ಕೊಳೆತಿತ್ತು. ಆರನೆಯದು ನನ್ನ ಮನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ: ಗೌರಿಹಬ್ಬದ ಮರುದಿನ ನನ್ನ ಹೆಂಡತಿ ಮಾಲಿನಿ ಆ ಬೀಜವನ್ನು ನೆನೆಹಾಕಿ, ಕಾಯಿತುರಿ ಉದುರಿಸಿ ಉಸಲಿ ಮಾಡಿದ್ದಳು, ನಾನು, ಅದೇನೆಂದು ಗೊತ್ತಿದ್ದೂ, ಎರಡು ಸಲ ಬಡಿಸಿಕೊಂಡು ತಿಂದಿದ್ದೆ.

ದ್ಯಾಮಮ್ಮ ಜಗಲಿಯ ಮೇಲೆ ಕೂತು ಬರಿದಾದ ಜೇಬನ್ನು ಒಮ್ಮೆ ತಟ್ಟಿಕೊಂಡರು. ಆಮೇಲೆ, "ಉಪ್ಪು ಸಮ ಇತ್ತಾ?" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಉಳಿದದ್ದು ಅಜ್ಜಂಪುರ ಒಂದೇ. "ಅವಳ ಬಾಗಿಲಿಗೆ ನಾನು ಹೆಂಗೆ ಹೋಗ್ಲಿ ಮೇಷ್ಟ್ರೇ" ಎಂದು ಕೋಟಿನ ಗುಂಡಿಯನ್ನು ಹಾಕುತ್ತ, ತೆಗೆಯುತ್ತ ಎರಡು ದಿನ ಕಳೆದರು. ಅವರ ಬಾಯಿಂದ ಎಂದೂ ಕೇಳದಿದ್ದ ದನಿ ಅದು. ಮೂರನೆಯ ದಿನ ನಾನೇ, "ತಡ ಆದ್ರೇನು ದ್ಯಾಮಕ್ಕ, ತಪ್ಪಾಯ್ತಾ?" ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು, ಎದ್ದು ಸೆರಗು ಸರಿಮಾಡಿಕೊಂಡರು. ಜೊತೆಗೆ ನಾನೂ ಹೊರಟೆ. ಕಡೂರು, ಬೀರೂರು ದಾಟಿ ಬಸ್ಸು ಅಜ್ಜಂಪುರ ಮುಟ್ಟುವವರೆಗೆ ಅವರ ಕೈ ಕೋಟಿನ ಗುಂಡಿಯ ಮೇಲೇ ಇತ್ತು.

ಹುಲಿಯಮ್ಮ ಅಂಗಳದಲ್ಲಿ ಈರುಳ್ಳಿ ಹರವುತ್ತಿದ್ದರು. ಅಕ್ಕನನ್ನು ಕಂಡು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಳಗೆ ಹೋಗಿ ಒಂದು ಗಡಿಗೆ ತಂದಿಟ್ಟರು. ಬಾಯಿಗೆ ಬಟ್ಟೆ ಕಟ್ಟಿ, ಬೂದಿ ಬೆರೆಸಿ ಕಾಪಾಡಿದ ಬೀಜ ಅದರ ತುಂಬ ಇತ್ತು.

"ಮೂರು ದಿನ ಮಳೆ ಹೊಯ್ದಾಗಿಂದ ಕಾಯ್ತಿದೀನಿ ಕಣಕ್ಕ. ಬರಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"

"ಬಸ್ಸು ತಡ ಆಯ್ತು" ಎಂದರು ದ್ಯಾಮಮ್ಮ. ಆಮೇಲೆ ಇಬ್ಬರೂ ಅತ್ತರು. ನಾನು ಈರುಳ್ಳಿಯ ಮೇಲೆ ತಪ್ಪು ಹೊರಿಸಿ ಕಣ್ಣೊರೆಸಿಕೊಂಡೆ.

ಹಸ್ತದ ಮಳೆ ಹಿಂದೆಗೆಯುವ ಮುನ್ನಾದಿನ ಬಿತ್ತನೆಯಾಯಿತು. ಪ್ರಾಯಶ್ಚಿತ್ತವೆಂದು ನಾನೂ ಸಾಲಿಗೆ ಇಳಿದು, "ಮೆತ್ತಗೆ ಒತ್ತಿ, ಬೀಜ ಅದು, ಬೀಡಿ ತುಂಡಲ್ಲ" ಎಂದು ಬೈಸಿಕೊಂಡೆ. ಆರನೆಯ ದಿನ ಕುತ್ತಿಗೆ ಬಗ್ಗಿಸಿದ ಮೊಳಕೆಗಳು ಮಣ್ಣನ್ನು ಎತ್ತಿಕೊಂಡು ಮೇಲೆ ಬಂದವು. ಕಡೆಯ ಕಾರ್ತಿಕಕ್ಕೆ ಎಳೆಗಾಯಿ ಬಂತು. ಆದರೆ ಒಂದನ್ನೂ ಸಾರಿಗೆ ಕೀಳಗೊಡದೆ, ಗಿಡದಲ್ಲೇ ಒಣಗಲು ಬಿಟ್ಟರು.

ಸಂಕ್ರಾಂತಿಯ ಬೆಳಿಗ್ಗೆ ದ್ಯಾಮಮ್ಮ ಎಳ್ಳುಬೆಲ್ಲದ ಜೊತೆಗೆ ನನ್ನ ಅಂಗೈಗೆ ಒಂದು ಹಿಡಿ ಬೀಜ ಸುರಿದರು. ಕೋಟಿನ ಶಾಖಕ್ಕೆ ಅದು ಇನ್ನೂ ಬೆಚ್ಚಗಿತ್ತು. ತಂಗಿಯ ಪಾಲು ಇನ್ನೊಂದು ಜೇಬಿನಲ್ಲಿತ್ತು. ಈ ಸಲ ಕಂಡಕ್ಟರನ ಕೈಗೆ ಕೊಡದೆ ತಾವೇ ಹೊರಟಿದ್ದರು. ತಿಂದವನಿಗೆ ಮತ್ತೆ ಕೊಡುತ್ತೀರಲ್ಲ ಎಂದೆ. "ಕೊಡ್ದೇ ಇದ್ರೆ ನೀವು ಬಿತ್ತೋದು ಯಾವಾಗ ಕಲೀತೀರ?" ಎಂದು ಹಿಮ್ಮಡಿ ಒತ್ತುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಕಾಲ ಮಿಂಚಿತೆಂದು ಕೈಚೆಲ್ಲಿ ಕೂರುವ ನಮ್ಮಂಥವರ ನಡುವೆ ಇಂಥ ಕೆಲವರು ಇರುತ್ತಾರೆ. ಕಾಪಾಡಬೇಕಾದುದನ್ನು ಅವರು ತಮ್ಮ ಮನೆಯಲ್ಲಿ ಬಚ್ಚಿಡುವುದಿಲ್ಲ. ಮರೆಗುಳಿಗಳಿಗೆ, ಹೊಟ್ಟೆಬಾಕರಿಗೆ, ಮಾತು ಬಿಟ್ಟವರಿಗೆ ಹಂಚುತ್ತಾರೆ. ಏಳರಲ್ಲಿ ಒಬ್ಬರು ಉಳಿಸಿದರೆ ಅವರಿಗೆ ಸಾಕು. ಉಳಿದ ಆರು ಮಂದಿಗೂ ಮರುವರ್ಷ ಮತ್ತೆ ಕೊಡುತ್ತಾರೆ.