ಆರಿದ ಮಾಟೆ ಮುನಿಸಲ್ಲ

ಭಾನುವಾರ ಕೆಂಡದ ಮೇಲೆ ಸುಟ್ಟ ಮಾಂಸದ ತಟ್ಟೆಯನ್ನು ಲಿಬೋರಿಯೊ ಅರ್ಧಕ್ಕೇ ಸರಿಸಿದ. ಉರುಗ್ವೆಯ ತಾಕ್ವಾರೆಂಬೊ ಊರಿನಲ್ಲಿ ಅಂಥದ್ದು ನೆರೆಯವರ ಕಣ್ಣಿಗೂ ಬೀಳುತ್ತದೆ. ಕೆಲವು ವಾರಗಳಿಂದ ಅವನು ಬ್ರೆಡ್ಡನ್ನೂ ಮಾಟೆ ಎಂಬ ಬಿಸಿ ಸೊಪ್ಪಿನ ಪಾನೀಯದ ಗುಟುಕಿನೊಡನೆಯೇ ಇಳಿಸುತ್ತಿದ್ದುದನ್ನು ಹೆಂಡತಿ ಡೆಲ್ಮಿರಾ ನೋಡಿದ್ದಳು.

ಮರುದಿನ ಬೆಳಿಗ್ಗೆ ಕೆಟಲ್ ಸಿಳ್ಳೆ ಹಾಕುವ ಮೊದಲೇ ಅವಳು ಒಲೆ ಆರಿಸಿದಳು. ಕುಡಿಯುವ ಸೋರೆ ಬುರುಡೆಗೆ ಮಾಟೆ ಸೊಪ್ಪು ತುಂಬಿ, ಹೀರಲು ಲೋಹದ ಕೊಳವೆ ಸಿಕ್ಕಿಸಿ, ನೀರು ಹಾಕಿ ಕೊಟ್ಟಳು. ಒಂದು ಗುಟುಕಿಗೇ ಲಿಬೋರಿಯೊ ತಲೆಯೆತ್ತಿದ.

"ಏನ್ ಮುದುಕಿ, ನನ್ ಮೇಲೆ ಮುನಿಸಾ? ಎದ್ದು ಹೋಗು ಅಂತ ಬಾಯಲ್ಲೇ ಹೇಳ್ಬಾರ್ದಿತ್ತಾ?"

ಬೇಡದ ಅತಿಥಿಗೆ ಆರಿದ ಮಾಟೆ ಕೊಡುವುದು ಇಲ್ಲಿಯ ಹಳೆಯ ಸಂಕೇತ.

"ಮುನಿಸಿದ್ದಿದ್ರೆ ಅದನ್ನೂ ಕೊಡ್ತಿರ್ಲಿಲ್ಲ, ಮುದುಕಾ. ನೀಬಿಯಾನ ಕರೆದಿದ್ದೀನಿ. ಅವಳತ್ರ ಜಗಳ ಆಡು."

ನೀಬಿಯಾ ಪಕ್ಕದ ಮನೆಯವಳು, ಆರೋಗ್ಯ ಕೇಂದ್ರದ ನರ್ಸ್. ಬಂದು ಕೂತವಳೇ ಕೇಳಿದಳು: "ಲಿಬೋರಿಯೊ ಅವರೇ, ಊಟ ಎಲ್ಲಿ ಸಿಕ್ಕಿಕೊಳ್ತಿದೆ?"

ಅವನು ಎದೆಯ ನಡುವೆ ಬೆರಳಿಟ್ಟ. "ಬಿಸಿ ಮಾಟೆ ಕುಡಿದ್ರೆ ಇಳಿಯುತ್ತೆ. ನಮ್ಮಪ್ಪ ಕುದಿಯೋ ನೀರೇ ಕುಡಿದು ಎಂಬತ್ತು ದಾಟಿದ."

"ನಿಮ್ಮಣ್ಣ?"

ಅವನು ಬುರುಡೆಯನ್ನು ಕೆಳಗಿಟ್ಟ. ಅಣ್ಣ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡಿದ್ದ.

"ಬಿಸಿ ಮಾಟೆಯಿಂದಲೇ ಬಂತು ಅಂತ ನಾನು ಹೇಳಲ್ಲ," ಎಂದಳು ನೀಬಿಯಾ. "ಅವರಿಗೆ ಸಿಗರೇಟೂ ಇತ್ತು, ಕುಡಿತಾನೂ ಇತ್ತು. ಆದ್ರೆ ಅರವತ್ತೈದು ಡಿಗ್ರಿ ದಾಟಿದ್ದನ್ನ ದಿನಾ ಕುಡಿದ್ರೆ ಅಪಾಯ ಹೆಚ್ಚು. ಕೊಳವೆ ಬೇರೆ, ಸುಡೋ ನೀರನ್ನ ನೇರ ಗಂಟಲ ಹತ್ರ ಒಯ್ಯುತ್ತೆ. ಇನ್ನೊಂದು ಮಾತು. ನುಂಗೋಕೆ ಕಷ್ಟ ಅಂತ ನಿಮ್ಮಣ್ಣ ಹೇಳಿದ್ದೇ ತಡವಾಗಿ."

"ಮಾಟೆ ಬಿಡು ಅಂತೀಯಾ? ಅದಕ್ಕಿಂತ ಹೂತುಬಿಡು."

"ಯಾರು ಬಿಡಿ ಅಂದ್ರು? ನೀರು ಕುದಿಸ್ಬೇಡಿ. ಮೊದಲು ಸ್ವಲ್ಪ ಲೋಟಕ್ಕೆ ಹಾಕಿ ನೋಡಿ. ಊದದೆ ಕುಡಿಯೋಕಾಗಲ್ವಾ? ಹಾಗಾದ್ರೆ ಇನ್ನೂ ಕಾಯಿರಿ. ಈಗ ಮಾತ್ರ ಅಂಗಿ ಬದಲಾಯಿಸಿ, ಡಾಕ್ಟರ ಹತ್ರ ಹೋಗೋಣ."

"ನಾನೂ ಬರ್ತೀನಿ," ಎಂದಳು ಡೆಲ್ಮಿರಾ. "ಇಲ್ಲಾಂದ್ರೆ ಅರ್ಧ ದಾರೀಲಿ ಇಳಿದುಬಿಡ್ತಾನೆ."

ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಅನ್ನನಾಳದ ಒಳಪದರದ ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಫಲಿತಾಂಶ ಬರುವವರೆಗೆ ಗಂಡ ಹೆಂಡತಿ ಅಣ್ಣನ ಹೆಸರೆತ್ತಲಿಲ್ಲ. ಕೊನೆಗೆ ಡಾಕ್ಟರು ಹೇಳಿದರು: ಉರಿಯೂತವಿದೆ, ಹುಣ್ಣಿದೆ, ಕ್ಯಾನ್ಸರ್ ಇಲ್ಲ. ಔಷಧಿ ಕೊಟ್ಟು, ಮತ್ತೆ ಬಂದು ತೋರಿಸಲು ಹೇಳಿ ಕಳಿಸಿದರು.

ಆ ಸಂಜೆ ನೀಬಿಯಾಗೆ ಮಾಟೆ ಮಾಡಿದವನು ಲಿಬೋರಿಯೊನೇ. ಲೋಟಕ್ಕೆ ನೀರು ಹಾಕಿದ, ಕಾದ, ಊದದೆ ಕುಡಿದು ನೋಡಿದ. ಆಮೇಲೆ ಬುರುಡೆ ಮುಂದೆ ಚಾಚಿದ.

"ತಗೋಮ್ಮ. ಹಿತವಾಗಿದೆ. ಎದ್ದು ಹೋಗು ಅಂತಲ್ಲ, ಕೂತ್ಕೋ ಅಂತ."

ಓದುಗರೇ, ನಿಮ್ಮ ಮನೆಯಲ್ಲಿ ಮಾಟೆಯಿಲ್ಲದಿರಬಹುದು. ಕಾಫಿ ಇದೆ, ಚಹಾ ಇದೆ. ಸುಡುವ ಗುಟುಕನ್ನು ಗಂಟಲಿಗೆ ಸುರಿಯಬೇಡಿ, ಹಿತವಾಗುವವರೆಗೆ ಕಾಯಿರಿ. ಮನೆಯಲ್ಲಿ ಯಾರಾದರೂ ತುತ್ತು ಸಿಕ್ಕಿಕೊಳ್ಳುತ್ತಿದೆ ಎಂದರೆ, ಅಥವಾ ಹೇಳದೆ ತಟ್ಟೆ ಸರಿಸುತ್ತಿದ್ದರೆ, ಅವರನ್ನು ಡಾಕ್ಟರ ಬಳಿ ಕರೆದೊಯ್ಯಿರಿ. ತಾನಾಗಿ ವಾಸಿಯಾಗಲಿ ಎಂದು ಕಾಯಬೇಡಿ.