ಅಣ್ಣನಿಗೆಂದು ಕುಯ್ದ ಕೋಳಿ

ಕಾವ್ಯಶ್ರೀಯ ಕಪ್ಪು ಹೇಟೆಕೋಳಿ ಕಾವಿಗೆ ಬಂದದ್ದು ಶುಂಠಿ ಕೀಳುವ ಕಾಲದಲ್ಲಿ. ಕೊಟ್ಟಿಗೆ ಮೂಲೆಯ ಖಾಲಿ ಚೀಲಗಳ ಮೇಲೆ ಮೈಯುಬ್ಬಿಸಿಕೊಂಡು ಕೂತು, ಯಾರು ಹತ್ತಿರ ಹೋದರೂ ಕುಕ್ಕಲು ಬರುತ್ತಿತ್ತು. ಗಂಡ ಅಶ್ವಥ್‌ಗೆ ಅದು ದಂಡವೆನಿಸಿತು.

"ತಿಂಗಳ ಮರಿಗಳನ್ನೇ ಕುಶಾಲನಗರದಲ್ಲಿ ಗಾಡೀಲಿ ಮಾರ್ತಾರೆ. ಇದನ್ನ ಕೂರ್ಸಿ ಅಷ್ಟು ದಿನ ಮೊಟ್ಟೆ ಯಾಕೆ ಕಳ್ಕೋಬೇಕು?" ಎಂದ.

ಅತ್ತೆ ವನಜಮ್ಮ ಮಾತ್ರ, "ಅದಕ್ಕೆ ಮನ್ಸು ಬಂದದೆ, ಕೂರ್ಸವ್ವ," ಎಂದರು.

ಹಳೆಯ ಮಂಕರಿ ಬುಟ್ಟಿಗೆ ಭತ್ತದ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅಡಿಯಲ್ಲಿ ಒಂದು ಇದ್ದಿಲ ಚೂರನ್ನೂ ತುಕ್ಕು ಹಿಡಿದ ಮೊಳೆಯನ್ನೂ ಇಟ್ಟು, ಅತ್ತೆ ಸೊಸೆ ಸೇರಿ ಮೊಟ್ಟೆ ಜೋಡಿಸಿದರು. ಹೇಟೆ ಬಂದು ಕೂತು, ಕೊಕ್ಕಿನಿಂದ ಒಂದೊಂದನ್ನೇ ಹೊಟ್ಟೆಯಡಿಗೆ ಎಳೆದುಕೊಂಡಿತು. ಆಮೇಲೆ ದಿನಕ್ಕೊಮ್ಮೆ ಮಾತ್ರ ಏಳುತ್ತಿತ್ತು. ಯಾರೋ ಅಟ್ಟಿಸಿಕೊಂಡು ಬಂದವರಂತೆ ಗಬಗಬ ನುಚ್ಚು ತಿಂದು, ನೀರು ಕುಡಿದು, ಧೂಳಿನಲ್ಲಿ ಒಮ್ಮೆ ಹೊರಳಿ ಮತ್ತೆ ಮಂಕರಿಗೆ ಓಡುತ್ತಿತ್ತು. ಕಾವ್ಯಶ್ರೀ ಕೆಲಸದ ನಡುವೆ ಸುಮ್ಮಸುಮ್ಮನೆ ಕೊಟ್ಟಿಗೆಗೆ ಹೋಗಿ ಬರುತ್ತಿದ್ದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಕೋಳಿಯೊಂದೇ. ಮದುವೆಯಾಗಿ ಬಂದ ವರ್ಷ, ಅರಕಲಗೂಡಿನ ತವರಿಂದ ಅದರ ಅಜ್ಜಿಕೋಳಿಯನ್ನು ಅವಳೇ ಬುಟ್ಟಿಯಲ್ಲಿ ತಂದಿದ್ದಳು.

ಅದೇ ದಿನಗಳಲ್ಲಿ ಅಶ್ವಥ್ ಅವಳಿಗೆ ಎಲ್ಲರೆದುರು ಹೊಡೆದ. ಕುಶಾಲನಗರದಲ್ಲಿ ಬಸ್ಸು ತಪ್ಪಿ ಅವಳು ಮನೆಗೆ ಬಂದದ್ದು ತಡವಾಗಿತ್ತು. ಅಂಗಳದಲ್ಲಿ ಆಳುಗಳು ಶುಂಠಿಗೆ ಅಂಟಿದ ಮಣ್ಣು ಬಿಡಿಸುತ್ತಿದ್ದರು. "ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಆಳುಗಳು ತಲೆ ತಗ್ಗಿಸಿ ಮಣ್ಣು ಬಿಡಿಸುತ್ತಲೇ ಇದ್ದರು. ಒಳಗೆ ಹೊಡೆಸಿಕೊಂಡದ್ದನ್ನು ಅವಳು ಹಿಂದೆಲ್ಲ ನುಂಗಿಕೊಂಡಿದ್ದಳು. ಇದನ್ನು ನುಂಗಲಾಗಲಿಲ್ಲ. ಅತ್ತೆಯ ಫೋನಿನಿಂದ ಅಣ್ಣ ರೇಣುಕಪ್ರಸಾದ್‌ಗೆ ಎಲ್ಲವನ್ನೂ ಹೇಳಿ, "ಬಂದು ನನ್ನ ಕರ್ಕೊಂಡ್ ಹೋಗಣ್ಣ," ಎಂದಳು.

"ಅಳಬ್ಯಾಡ. ಕೊಯ್ಲು ಮುಗೀಲಿ, ಒಂದ್ ಭಾನುವಾರ ಬಂದು ಕೇಳೇ ಬುಡ್ತೀನಿ," ಎಂದ ಅಣ್ಣ.

ಅವಳು ಆ ಭಾನುವಾರಕ್ಕೆ ಕಾದಳು. ಅಷ್ಟರಲ್ಲಿ ಮೊಟ್ಟೆ ಒಡೆದು ಮರಿಗಳು ಬಂದವು. ಹೇಟೆ ಅವನ್ನು ಕರೆದುಕೊಂಡು ತಿಪ್ಪೆ ಕೆದಕಿತು. ಹುಳ ಸಿಕ್ಕರೆ ತಾನು ತಿನ್ನದೆ, ಕೊಕ್ಕಿನಿಂದ ಎತ್ತಿ ಕೆಳಗೆ ಹಾಕಿ ಕೂಗಿ ಕರೆಯುತ್ತಿತ್ತು. ಆಕಾಶದಲ್ಲಿ ಹದ್ದಿನ ನೆರಳು ಕಂಡರೆ ಗಂಟಲಲ್ಲೇ ಏನೋ ಹೇಳುತ್ತಿತ್ತು, ಮರಿಗಳು ಮರುಕ್ಷಣವೇ ಬೇಲಿಯಡಿ ಮಾಯ. ಒಮ್ಮೆ ಮುಂಗುಸಿಯ ಮೇಲೆ ಹಾರಿಬಿದ್ದು, ಬಾಲದ ಪುಕ್ಕ ಕಳೆದುಕೊಂಡರೂ ಒಂದು ಮರಿಯನ್ನೂ ಬಿಟ್ಟುಕೊಡಲಿಲ್ಲ. ಐದು ವರ್ಷದ ಮಗಳು ಚಂದನಾಗೆ ಊಟ ಮಾಡಿಸಬೇಕೆಂದರೆ ಕಾವ್ಯಶ್ರೀ ತಟ್ಟೆ ಹಿಡಿದು ಕೋಳಿಯ ಹಿಂದೆಯೇ ಅಲೆಯಬೇಕಿತ್ತು.

ಕೊನೆಗೂ ಅಣ್ಣ ಬರುವ ಭಾನುವಾರ ಬಂತು. ಬೆಳಿಗ್ಗೆಯೇ ಅವಳು ತನ್ನ ಎರಡು ಸೀರೆ, ಮಗಳ ಬಟ್ಟೆ, ಆಧಾರ್ ಕಾರ್ಡು ಎಲ್ಲವನ್ನೂ ಒಂದು ಬ್ಯಾಗಿಗೆ ತುಂಬಿ ಮಂಚದ ಕೆಳಗಿಟ್ಟಳು.

ಮಾವ ಸಣ್ಣಸ್ವಾಮಿಯವರಿಗೆ ವಿಷಯ ತಿಳಿದಿತ್ತು. ಜಗಲಿಯಲ್ಲಿ ಕೂತು ಮಗನಿಗೆ, "ಬೀಗರು ಕೋಪದಲ್ಲಿ ಬತ್ತಾವ್ರೆ. ಬಾಯಲ್ಲಿ ಮಾತಾಡಕ್ಕೂ ಮುಂಚೆ ಎಲೆ ಮುಂದೆ ಕೂರ್ಸು. ಹುಂಜ ಕುಯ್ಯಿ," ಎಂದರು.

ಕಾವ್ಯಶ್ರೀ ಒಳಗೆ ಮಸಾಲೆ ರುಬ್ಬುತ್ತಿದ್ದಳು. ಮಿಕ್ಸಿ ನಿಲ್ಲಿಸಿದಾಗ ಹಿತ್ತಿಲಿಂದ ಬಂದ ಸದ್ದು ಹುಂಜದ್ದಲ್ಲ. ಅವಳು ಓಡಿ ಹೊರಗೆ ಬಂದಳು. ಹುಂಜ ಹಲಸಿನ ಮರ ಹತ್ತಿ ಕೂತಿತ್ತು. ಉಳಿದ ಕೋಳಿಗಳು ಬೇಲಿ ಹಾರಿ ಕಾಫಿ ಗಿಡಗಳೊಳಗೆ ಸೇರಿದ್ದವು. ಕಪ್ಪು ಹೇಟೆ ಮರಿಗಳನ್ನು ಬಿಟ್ಟು ಓಡಿರಲಿಲ್ಲ. ಅವನ್ನು ರೆಕ್ಕೆಯಡಿ ಎಳೆದುಕೊಂಡು ಅಲ್ಲೇ ಕೂತುಬಿಟ್ಟಿತ್ತು. ಅವಳು ಬರುವಷ್ಟರಲ್ಲಿ ಅಶ್ವಥ್ ಕುಯ್ದಾಗಿತ್ತು.

"ಮರಿ ತಾಯಿ ಕಣೋ ಅದು," ಎಂದು ವನಜಮ್ಮ ನಿಂತಲ್ಲೇ ಹೇಳುತ್ತಿದ್ದರು.

"ಕೈಗೆ ಸಿಕ್ಕಿದ್ದು ಇದೇ. ಹುಂಜ ಅಟ್ಟಾಡ್ಕೊಂಡು ಕೂತ್ರೆ ಅವ್ರು ಬರೋ ಹೊತ್ತಾಯ್ತದೆ," ಎಂದ ಅಶ್ವಥ್. ಅವನ ದನಿಯಲ್ಲಿ ಕೋಪವಿರಲಿಲ್ಲ, ಹಟವೂ ಇರಲಿಲ್ಲ. ಕೋಳಿಯನ್ನು ಹೆಂಡತಿಯ ಮುಂದೆ ಹಾಕಿ ಕೈ ತೊಳೆಯಲು ಹೋದ.

ಅವಳು ಅಳಲಿಲ್ಲ. ಅಣ್ಣ ಬರಲಿ, ಇದನ್ನೂ ಸೇರಿಸಿ ಹೇಳುತ್ತೇನೆ ಅಂದುಕೊಂಡಳು. ಬಿಸಿನೀರಿಗೆ ಅದ್ದಿ ಪುಕ್ಕ ತರಿಯುವಾಗ ನೋಡಿದರೆ ಎದೆಯ ಭಾಗದಲ್ಲಿ ತರಿಯಲು ಏನೂ ಇರಲಿಲ್ಲ. ಮೊಟ್ಟೆಗೆ ಬಿಸಿ ತಾಗಲೆಂದು ಅದು ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಂಡಿತ್ತು. ಬರಿಯ ಚರ್ಮ, ಕೆಂಪಗೆ. ಮೈಯಲ್ಲಿ ಮಾಂಸವೂ ಇರಲಿಲ್ಲ. ಸೌದೆ ರಾಶಿಯ ಸಂದಿನಿಂದ ಮರಿಗಳು ಕಿಚಕಿಚ ಎನ್ನುತ್ತಿದ್ದವು.

ಅಣ್ಣ ಬೈಕಿನಲ್ಲಿ ಬಂದ. ಬಿಸ್ಕತ್ತು, ಕಿತ್ತಳೆ ತಂದಿದ್ದ. ಮುಖ ಬಿಗಿಯಾಗಿಯೇ ಇತ್ತು. ತಂಗಿಯನ್ನು ನೋಡಿ, "ಏನವ್ವ, ಸೊರಗೋಗಿದ್ದೀಯ," ಎಂದ. ಅವಳು ಮಾತಾಡುವುದಕ್ಕೂ ಮುಂಚೆಯೇ ಸಣ್ಣಸ್ವಾಮಿ ಅವನ ಹೆಗಲು ಹಿಡಿದು ಶುಂಠಿ ತೋರಿಸುತ್ತೇನೆಂದು ಮನೆ ಹಿಂದಕ್ಕೆ ಕರೆದುಕೊಂಡು ಹೋದರು. ಅಶ್ವಥ್ ತನ್ನ ಗಾಡಿಯಿಂದ ಬಾಟಲಿ ತೆಗೆದುಕೊಂಡು ಹಿಂಬಾಲಿಸಿದ. ಮೂವರೂ ವಾಪಸು ಬಂದಾಗ ಅಣ್ಣನ ಮುಖ ಸಡಿಲವಾಗಿತ್ತು.

ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡವನು, "ನಾಟಿ ಕೋಳಿ ಅಂದ್ರೆ ಇದು ಕಣತ್ತೆ. ನಮ್ಮ ಕಡೆ ಈಗೆಲ್ಲಿ ಸಿಕ್ತದೆ?" ಎಂದು ವನಜಮ್ಮನ ಕಡೆ ನೋಡಿದ.

"ವಸಿ ಮಾಂಸ ಕಮ್ಮಿ. ಬೇಜಾರ್ ಮಾಡ್ಕೋಬ್ಯಾಡ ಬಾವ," ಎಂದ ಅಶ್ವಥ್.

"ಸಾರಲ್ಲವೆ ಇರೋದು ರುಚಿ. ಹಾಕವ್ವ ಇನ್ನೊಂದ್ ಸೌಟು."

ಕಾವ್ಯಶ್ರೀ ಹಾಕಿದಳು.

ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವಾಗ ಅಣ್ಣ ವಿಷಯಕ್ಕೆ ಬಂದ. "ನೋಡು ಬಾವ, ಹೆಣ್ಣಿನ ಮೇಲೆ ಕೈ ಮಾಡದು ಸರಿಯಲ್ಲ. ಅದೂ ಆಳುಗಳ ಮುಂದೆ."

"ಆಯ್ತು ಬಾವ. ಏನೋ ಸಿಟ್ಟಲ್ಲಿ ಆಗೋಯ್ತು," ಎಂದ ಅಶ್ವಥ್.

ನ್ಯಾಯ ಅಲ್ಲಿಗೆ ಮುಗಿಯಿತು. ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ಅಣ್ಣ ತಿರುಗಿದ. "ಒಪ್ಕೊಂಡ್ರಲ್ಲವ್ವ, ಇನ್ನೇನು? ನೀನೂ ವಸಿ ಹೊತ್ತಿಗ್ ಮುಂಚೆ ಮನೆ ಸೇರ್ಕೋಬೇಕು. ಮಗೀನ ಮುಖ ನೋಡ್ಕೊಂಡು ಹೋಗು."

ಅವನು ಬೈಕಿನ ಹತ್ತಿರ ಹೋದಾಗ ಅವಳು ಬೆನ್ನ ಹಿಂದೆಯೇ ಹೋದಳು. "ನಾನು ಬ್ಯಾಗ್ ಕಟ್ಟಿಟ್ಟಿದೀನಿ ಅಣ್ಣ. ಒಂದ್ ತಿಂಗಳಾದ್ರೂ ಇಟ್ಕೋ. ಆಮೇಲೆ ನಾನೇ ಏನಾದ್ರೂ ಮಾಡ್ಕೋತೀನಿ."

ಅವನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತ. "ನಿಮ್ಮತ್ತಿಗೆ ಹೆಂಗೆ ಅಂತ ನಿಂಗೇ ಗೊತ್ತಲ್ಲ. ಮನೇಲಿ ಜಾಗಾನೂ ಇಲ್ಲ. ಮಾತು ಕೊಟ್ಟವ್ರೆ, ನೋಡನ."

ಅಷ್ಟರಲ್ಲಿ ವನಜಮ್ಮ ಸ್ಟೀಲ್ ಡಬ್ಬಿಯಲ್ಲಿ ಉಳಿದ ಸಾರು ತುಂಬಿಸಿ ತಂದರು. ಅಣ್ಣ ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡು, ಚೆಲ್ಲದಂತೆ ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿ, ಬೈಕಿನ ಮುಂದಿನ ಚೀಲದಲ್ಲಿ ನೆಟ್ಟಗೆ ಕೂರಿಸಿದ. ಗುಂಡಿಬಿದ್ದ ದಾರಿಯಲ್ಲಿ ಅವನು ಎಷ್ಟು ಜೋಪಾನವಾಗಿ, ನಿಧಾನಕ್ಕೆ ಓಡಿಸಿಕೊಂಡು ಹೋದನೆಂದರೆ, ತಿರುವು ದಾಟುವವರೆಗೂ ಅವಳು ನೋಡುತ್ತ ನಿಲ್ಲಬೇಕಾಯಿತು.

ಸಂಜೆಗೆ ಇಬ್ಬನಿ ಇಳಿಯತೊಡಗಿತು. ಮರಿಗಳು ಪುಕ್ಕ ತರಿದ ಜಾಗದ ಸುತ್ತಲೇ ಕೂಗುತ್ತಿದ್ದವು. ವನಜಮ್ಮ ಇನ್ನೊಂದು ಹೇಟೆಯ ಹತ್ತಿರ ಬಿಟ್ಟು ನೋಡಿದರು, ಅದು ಕುಕ್ಕಿ ಓಡಿಸಿತು. ಕೊನೆಗೆ ಅತ್ತೆ ಸೊಸೆ ರಟ್ಟಿನ ಪೆಟ್ಟಿಗೆಗೆ ಹಳೇ ಸೀರೆ ಹಾಸಿ ಮರಿಗಳನ್ನು ಹಿಡಿದಿಟ್ಟರು.

"ನಂಗೂ ಹಿಂಗೇ ಒಂದ್ಸಲ ನಮ್ಮಣ್ಣ ಬಂದಿದ್ದ," ಎಂದರು ವನಜಮ್ಮ, ಮರಿಯೊಂದರ ಕಾಲಿಗೆ ಸುತ್ತಿಕೊಂಡ ದಾರ ಬಿಡಿಸುತ್ತ. "ಆಗ ಹುಂಜ ಕುಯ್ದಿದ್ರು."

ಕಾವ್ಯಶ್ರೀ ಅತ್ತೆಯ ಮುಖ ನೋಡಿದಳು. ಅವರು ಎಲ್ಲ ತಿಳಿದೇ ಸಾರು ಕಟ್ಟಿಕೊಟ್ಟಿದ್ದರು. ಬೈಯಬೇಕೆನಿಸಿತು, ಆದರೆ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು.

ಬಿಸಿಗೆಂದು ಬಲ್ಬಿನ ಕೆಳಗಿಟ್ಟರೂ ಕರೆಂಟು ಪದೇ ಪದೇ ಹೋಗುತ್ತಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಕೆಲವು ಸತ್ತವು. ಉಳಿದವಕ್ಕೆ ಹದ್ದು ಎಂದರೇನೆಂದು ಹೇಳುವವರಿರಲಿಲ್ಲ. ನೆರಳು ಮೇಲೆ ಬಂದಾಗ ಅವು ತಲೆಯೆತ್ತಿ ನೋಡುತ್ತ ನಿಲ್ಲುತ್ತಿದ್ದವು. ಯುಗಾದಿಯ ಹೊತ್ತಿಗೆ ಒಂದೂ ಇರಲಿಲ್ಲ. ಯುಗಾದಿಗೆ ಮುಂಚೆ ಅಶ್ವಥ್ ಮತ್ತೊಮ್ಮೆ ಹೊಡೆದ. ಆ ಸಲ ಅವಳು ಯಾರಿಗೂ ಫೋನ್ ಮಾಡಲಿಲ್ಲ. ಬ್ಯಾಗಿನ ಬಟ್ಟೆಗಳನ್ನು ತೆಗೆದು ಮತ್ತೆ ಬೀರುವಿನಲ್ಲಿಟ್ಟಳು.

ಬೇಸಿಗೆಯಲ್ಲಿ ಇನ್ನೊಂದು ಹೇಟೆ ಕಾವಿಗೆ ಬಂತು. ವನಜಮ್ಮ ಮಡಿಲಲ್ಲಿ ಮೊಟ್ಟೆ ತಂದು, "ಕೂರ್ಸವ್ವ," ಎಂದರು.

"ಬ್ಯಾಡ ಅತ್ತೆ," ಎಂದಳು ಕಾವ್ಯಶ್ರೀ. ಹೇಟೆಯ ಎರಡೂ ರೆಕ್ಕೆ ಹಿಡಿದು ಬಚ್ಚಲ ಹತ್ತಿರ ಒಯ್ದು, ತಣ್ಣೀರಿನ ಡ್ರಮ್ಮಿನಲ್ಲಿ ಎದೆಯವರೆಗೂ ಅದ್ದಿದಳು. ಅದು ಒದ್ದಾಡಿತು. ಬಿಟ್ಟ ಕೂಡಲೇ ಒದ್ದೆ ಮೈಯಲ್ಲೇ ಗೂಡಿಗೆ ಓಡಿತು. ಅವಳು ಮತ್ತೆ ಹಿಡಿದು ತಂದು ಅದ್ದಿದಳು. ಅದು ಕಾವು ಮರೆಯುವವರೆಗೂ ದಿನವೂ ಅದ್ದಿದಳು.

ಕೆಲವು ದಿನ ಕಳೆದು ಹೇಟೆ ಮತ್ತೆ ಮೊಟ್ಟೆಯಿಡತೊಡಗಿತು. ತಟ್ಟೆಯಲ್ಲಿ ಆಮ್ಲೆಟ್ ಕಂಡು ಅಶ್ವಥ್, "ಈಗ ಬುದ್ಧಿ ಬಂತು ನೋಡು ನಿಂಗೆ," ಎಂದು ಖುಷಿಯಿಂದಲೇ ಹೇಳಿದ.